ಕೋಸಿನ ಪಲ್ಯದ ಪೂರ್ವೋತ್ತರ

ಒಂದು ಊರಿನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಶಾಸನಗಳನ್ನು ಅರಸುವುದು ವಾಡಿಕೆ. ಶಿವಮೊಗ್ಗ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು ಸಂಗ್ರಹಿಸಿ, ೧೯೦೨ರಲ್ಲಿಯೂ ೧೯೦೪ರಲ್ಲಿಯೂ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳು ಎಂಟನೆಯ ಸಂಪುಟಗಳಾಗಿ ಪ್ರಕಟಿಸಿದುದರಿಂದ, ಯಾವ ದೊರೆಯು ಯಾವ ದೇವರಿಗೆ ಎಷ್ಟು ಗದ್ದೆಯನ್ನು ಬಿಟ್ಟನೆಂಬುದನ್ನು ತಿಳಿಯಲು ಈಗ ತೊಡಕಿಲ್ಲ. ಆದರೆ ಆ ಗದ್ದೆಯ ಅಕ್ಕಿಯಿಂದಾದ ಅನ್ನದ ಪಕ್ಕದಲ್ಲಿ ಯಾವ ಪಲ್ಯವನ್ನು ಬಡಿಸುತ್ತಿದ್ದರೆಂಬುದನ್ನು ಕಲ್ಲು ಹೇಳುವುದಿಲ್ಲ. ಅನ್ನವು ಚರಿತ್ರೆಗೆ ಸೇರಿತು, ಪಲ್ಯವು ಹೊರಗುಳಿಯಿತು. ಆದರೂ ಜನಗಳು ದೇಶದೇಶಗಳ ನಡುವೆ ತಿರುಗಿದ ಬಗೆಯನ್ನು, ಒಬ್ಬರ ಪದಾರ್ಥವನ್ನು ಇನ್ನೊಬ್ಬರು ಮೊದಲು ದೂರವಿಟ್ಟು ಕಡೆಗೆ ಒಳಗೆ ಕರೆದುಕೊಂಡ ಬಗೆಯನ್ನು, ಪಲ್ಯದಷ್ಟು ಚೆನ್ನಾಗಿ ತೋರಿಸುವ ವಸ್ತು ಮತ್ತೊಂದಿರಲಾರದು.

ಭದ್ರಾವತಿಗೆ ಸೇರಿದ ಜನ್ನಾಪುರವನ್ನೇ ತೆಗೆದುಕೊಳ್ಳಬಹುದು. ಇಲ್ಲಿಯ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಎಲೆಕೋಸನ್ನು ಹೆಚ್ಚಿ ಬೇಯಿಸಿ, ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿ ಬಡಿಸುವುದು ಎಷ್ಟು ಸಾಮಾನ್ಯವೆಂದರೆ, ಅದು ಪರದೇಶದಿಂದ ಬಂದ ಕಾಯಿಪಲ್ಯವೆಂದು ಉಣ್ಣುವವರಿಗೆ ನೆನಪೇ ಆಗುವುದಿಲ್ಲ. ಅದೇ ಎಲೆಕೋಸಿನ ಒಡಹುಟ್ಟಾದ ಇನ್ನೊಂದು ಕೋಸುಂಟು. ನಿಂಬೆಯ ಹಣ್ಣಿಗಿಂತ ಚಿಕ್ಕದಾಗಿ, ಮೊಳಕಾಲೆತ್ತರದ ಕಾಂಡದ ಸುತ್ತಲೂ ಎಲೆಯ ಬುಡಬುಡಕ್ಕೆ ಒಂದೊಂದಾಗಿ ಅಂಟಿಕೊಂಡು ಬೆಳೆಯುವ ಅದನ್ನು ಯೂರೋಪಿನಲ್ಲಿ ಬ್ರಸಲ್ಸ್ ನಗರದ ಹೆಸರಿನಿಂದ ಕರೆಯುತ್ತಾರೆ. ಇಂಗ್ಲೆಂಡಿನ ಮನೆಗಳಲ್ಲಿ ಚಳಿಗಾಲದ ಊಟಕ್ಕೆ, ವಿಶೇಷವಾಗಿ ಕ್ರಿಸ್ಮಸ್ ಹಬ್ಬದ ಊಟಕ್ಕೆ, ಅದನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಸಿದು ಬೆಣ್ಣೆಯೊಡನೆ ಬಡಿಸುವುದು ಕಟ್ಟಳೆಯಂತಿದೆ. ಕನ್ನಡದ ಅಡಿಗೆಮನೆಯು ಇದಕ್ಕೆ ಹೆಸರನ್ನೇ ಇಟ್ಟಿಲ್ಲ. ಇಂಗ್ಲಿಷಿನ ಹೆಸರನ್ನು ಮಾತ್ರ ಕೇಳಿದವರು ಮೊಳಕೆಕಾಳೆಂದು ಭಾವಿಸುವುದುಂಟು. ಈ ಲೇಖನದಲ್ಲಿ ಅನುಕೂಲಕ್ಕಾಗಿ ‘ಮರಿಗೋಸು’ ಎಂದು ಕರೆಯಬಹುದು. ಒಂದೇ ಕುಲದ ಎರಡು ಕಾಯಿಪಲ್ಯಗಳಲ್ಲಿ ಒಂದು ನಮ್ಮದೇ ಆಗಿಹೋಯಿತು, ಇನ್ನೊಂದು ಬಾಗಿಲ ಹೊರಗೆ ನಿಂತಿತು. ಇದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದುದು.

ಸಸ್ಯಶಾಸ್ತ್ರಜ್ಞರ ಮತದಲ್ಲಿ ಎಲೆಕೋಸು, ಹೂಕೋಸು, ನವಿಲುಕೋಸು, ಮರಿಗೋಸು ಇವೆಲ್ಲವೂ ಒಂದೇ ಜಾತಿಯ ಗಿಡಗಳು. ಯೂರೋಪಿನ ಕಡಲಂಚಿನ ಬಂಡೆಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಒಂದು ಕಾಡುಸೊಪ್ಪನ್ನು ರೈತರು ತಲೆತಲಾಂತರವಾಗಿ ಆರಿಸಿ ಆರಿಸಿ ಬೆಳೆಸಿದರು. ತುದಿಯ ಮೊಗ್ಗು ದಪ್ಪನಾದುದನ್ನು ಆರಿಸಿದಲ್ಲಿ ಎಲೆಕೋಸಾಯಿತು. ಹೂವಿನ ಗೊಂಚಲು ದಪ್ಪನಾದುದು ಹೂಕೋಸಾಯಿತು. ಕಾಂಡವು ಉಬ್ಬಿದುದು ನವಿಲುಕೋಸಾಯಿತು. ಕಂಕುಳ ಮೊಗ್ಗುಗಳು ಉಂಡೆಗಟ್ಟಿದುದು ಮರಿಗೋಸಾಯಿತು. ಫ್ಲಾಂಡರ್ಸ್ ಸೀಮೆಯಲ್ಲಿ ಈ ಕೊನೆಯದರ ಬೇಸಾಯವು ಬಹುಕಾಲದಿಂದ ನಡೆದುಬಂದಿತ್ತು. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಬರಹದಲ್ಲಿಯೂ ಅದರ ಪ್ರಸ್ತಾಪ ಕಾಣುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ೧೮೧೨ರಲ್ಲಿ ತಮ್ಮ ಮಾಂಟಿಚೆಲ್ಲೋ ತೋಟದಲ್ಲಿ ಅದನ್ನು ಹಾಕಿಸಿದರು. (ನಮ್ಮ ಕೋಸಂಬರಿಯಲ್ಲಿರುವ ಕೋಸು ಈ ಕೋಸಲ್ಲ. ಕೋಸಂಬರಿಯು ಬೇಳೆಯ ಖಾದ್ಯ. ಎಲೆಕೋಸು ಈ ನಾಡಿಗೆ ಕಾಲಿಡುವುದಕ್ಕೆ ಮೊದಲೇ ಇದ್ದುದು.)

ಇಂಗ್ಲಿಷರ ಅಡಿಗೆಯ ಗ್ರಂಥಗಳಲ್ಲಿ ಮರಿಗೋಸನ್ನು ಬೇಯಿಸುವ ವಿಧಾನವನ್ನು ಮೊದಮೊದಲು ಬರೆದಿಟ್ಟವರಲ್ಲಿ ಎಲಿಜಾ ಆಕ್ಟನ್ ಎಂಬಾಕೆಯು ಮುಖ್ಯಳು. ಈಕೆ ಕವಯಿತ್ರಿ, ಕವಿತೆಗಳ ಪುಸ್ತಕವನ್ನು ಹೊರತಂದ ಬಳಿಕ ಅಡಿಗೆಯ ಪುಸ್ತಕಕ್ಕೆ ಕೈಹಾಕಿ, ೧೮೪೫ರಲ್ಲಿ ಗೃಹಸ್ಥರ ಮನೆಗಳಿಗಾಗಿ ಒಂದು ಪಾಕಗ್ರಂಥವನ್ನು ಪ್ರಕಟಿಸಿದಳು. ಯಾವ ಪದಾರ್ಥ ಎಷ್ಟು ಬೇಕು, ಎಷ್ಟು ಹೊತ್ತು ಬೇಯಬೇಕು ಎಂಬುದನ್ನು ಪ್ರತ್ಯೇಕವಾಗಿ ಹೇಳುವ ಕ್ರಮವನ್ನು ಇಂಗ್ಲಿಷ್ ಪಾಕಗ್ರಂಥಗಳಲ್ಲಿ ರೂಢಿಗೆ ತಂದವಳು ಈಕೆಯೇ. ಮರಿಗೋಸಿನ ವಿಷಯದಲ್ಲಿ ಆಕೆಯ ಮಾತು ಸಂಕ್ಷೇಪವಾದುದು: ಬಾಡಿದ ಹೊರ ಎಲೆಗಳನ್ನು ಕಿತ್ತು, ತೊಟ್ಟನ್ನು ಸಮನಾಗಿ ಕೊಯ್ದು, ತೊಳೆದು, ಉಪ್ಪುಹಾಕಿ ಕುದಿಯುತ್ತಿರುವ ನೀರಿಗೆ ಹಾಕಿ, ಎಂಟು ಹತ್ತು ನಿಮಿಷ ಜೋರಾಗಿ ಕುದಿಸಿ, ಚೆನ್ನಾಗಿ ಬಸಿದು, ಸುಟ್ಟ ರೊಟ್ಟಿಯ ಮೇಲಿಟ್ಟು ಕರಗಿಸಿದ ಬೆಣ್ಣೆಯೊಡನೆ ಬಡಿಸತಕ್ಕದ್ದು. ಇದು ಬೆಲ್ಜಿಯಂ ದೇಶದವರ ಪದ್ಧತಿಯೆಂದು ಆಕೆಯು ಹೇಳುತ್ತಾಳೆ. ವಿಧಾನದಲ್ಲಿ ತಪ್ಪು ಹಿಡಿಯತಕ್ಕದ್ದೇನೂ ಇಲ್ಲ. ಇಂದಿಗೂ ಇದಕ್ಕಿಂತ ಉತ್ತಮವಾಗಿ ಹೇಳುವುದು ಕಷ್ಟ.

ಕೆಟ್ಟ ಹೆಸರು ಬಂದುದು ಆಮೇಲೆ. ೧೮೬೧ರಲ್ಲಿ ಪುಸ್ತಕರೂಪವಾಗಿ ಬಂದು ಮನೆಮನೆಗೂ ಹರಡಿದ ಬೀಟನ್ ಎಂಬಾಕೆಯ ಗೃಹಕೃತ್ಯದ ಗ್ರಂಥದಲ್ಲಿ, ದೊಡ್ಡ ಎಲೆಕೋಸನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಬೇಯಿಸಬೇಕೆಂದೂ ನೀರಿಗೆ ಉಪ್ಪಿನೊಡನೆ ಚೂರು ಸೋಡಾ ಹಾಕಬೇಕೆಂದೂ ಇದೆ. ಸೋಡಾದಿಂದ ಹಸುರು ಬಣ್ಣವು ಉಳಿಯುವುದು ನಿಜ. ಎಲೆಯ ಕಸುವು ಉಳಿಯುವುದಿಲ್ಲ. ಕೋಸಿನ ಕುಲದ ಗಿಡಗಳಲ್ಲೆಲ್ಲ ಗಂಧಕವನ್ನೊಳಗೊಂಡ ಒಂದು ಬಗೆಯ ಕಟುಸತ್ತ್ವವಿದೆ. ಎಲೆಯನ್ನು ಹೆಚ್ಚಿದೊಡನೆ ಅದರೊಳಗಿನ ಒಂದು ಕಿಣ್ವವು ಆ ಸತ್ತ್ವವನ್ನು ಒಡೆದು ಖಾರದ ವಾಸನೆಯನ್ನು ಹೊರಡಿಸುತ್ತದೆ. ನೀರು ಮೊದಲೇ ಕುದಿಯುತ್ತಿದ್ದರೆ ಆ ಕಿಣ್ವವು ಬೇಗ ಸಾಯುವುದು. ತಣ್ಣೀರಿಗೆ ಹಾಕಿ ನಿಧಾನವಾಗಿ ಕಾಯಿಸಿದರೆ ಅದಕ್ಕೆ ಬೇಕಾದಷ್ಟು ಅವಕಾಶ ಸಿಕ್ಕುವುದು. ಬೆಂದ ಮೇಲೂ ಕುದಿಸುತ್ತಲೇ ಇದ್ದರೆ ಗಂಧಕದ ವಾಯುಗಳು ಹೊರಟು, ಕೊಳೆತ ಮೊಟ್ಟೆಯ ನಾತವು ಮನೆಯನ್ನೆಲ್ಲ ತುಂಬುತ್ತದೆ. ಇಂಗ್ಲೆಂಡಿನ ಪಾಠಶಾಲೆಗಳಲ್ಲಿ ಓದಿದ ತಲೆಮಾರುಗಳು ಬೆಂದ ಕೋಸಿನ ವಾಸನೆಯನ್ನು ಶಿಕ್ಷೆಯಂತೆ ನೆನೆಯುವುದಕ್ಕೆ ಕಾರಣವಿಷ್ಟೆ. ತಪ್ಪು ಕಾಯಿಪಲ್ಯದ್ದಲ್ಲ, ಗಡಿಯಾರದ್ದು.

ಕನ್ನಡನಾಡಿನ ಹಳೆಯ ಪಾಕಶಾಸ್ತ್ರಗಳಲ್ಲಿ ಕೋಸಿಗೆ ಸ್ಥಳವಿಲ್ಲ. ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆಗೂ ಒಂದು ಭಾಗವಿದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಬರೆದ ‘ಸೂಪಶಾಸ್ತ್ರ’ವು ಬದನೆ, ಬಾಳೆ, ಹಲಸು, ಕಳಲೆ ಮೊದಲಾದವುಗಳಿಂದ ಎಷ್ಟೋ ಬಗೆಯ ಖಾದ್ಯಗಳನ್ನು ಮಾಡುವ ವಿಧಾನವನ್ನು ಪದ್ಯರೂಪದಲ್ಲಿ ಹೇಳುತ್ತದೆ. ಈ ಸೀಮೆಯವನೇ ಆದ ಕೆಳದಿಯ ಬಸಪ್ಪನಾಯಕನು ೧೭೦೯ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತದ ಮಹಾಕೋಶದಲ್ಲಿಯೂ ಪಾಕಶಾಸ್ತ್ರಕ್ಕೆ ಯಥೋಚಿತವಾದ ಮನ್ನಣೆ ದೊರೆತಿದೆ. ದೊರೆಯಾದವನು ಅಡಿಗೆಯ ವಿಷಯವನ್ನು ಬರೆಯುವುದು ಗೌರವಕ್ಕೆ ಕುಂದೆಂದು ಎಣಿಸಲಿಲ್ಲವೆಂಬುದು ಗಮನಿಸತಕ್ಕದ್ದು. ಮಲೆನಾಡಿನ ಅಡಿಗೆಗೆ ಕೋಸಿಲ್ಲದೆ ಯಾವ ಕೊರತೆಯೂ ಇರಲಿಲ್ಲ. ಕೆಸು, ಹರಿವೆ, ಬಸಳೆ, ಬಾಳೆಯ ದಿಂಡು, ಹಲಸಿನ ಗುಜ್ಜೆ, ಸುವರ್ಣಗೆಡ್ಡೆ, ಮಳೆಗಾಲದ ಕಳಲೆ ಇವು ಹಿತ್ತಲಲ್ಲಿಯೂ ಕಾಡಿನಂಚಿನಲ್ಲಿಯೂ ಸಿಕ್ಕುತ್ತಿದ್ದವು. ಬೇಯಿಸಿ ಬಸಿಯುವ ಪದ್ಧತಿಯೂ ಹೊಸದಲ್ಲ. ಕೆಸುವಿನ ತುರಿಕೆಯನ್ನೂ ಕಳಲೆಯ ಕಹಿಯನ್ನೂ ತೆಗೆಯಲು ನೀರಿನಲ್ಲಿ ನೆನೆಹಾಕಿ, ಬೇಯಿಸಿ, ಆ ನೀರನ್ನು ಚೆಲ್ಲುವುದನ್ನು ನಮ್ಮ ಹೆಂಗಸರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಎಂದರೆ ಕೋಸು ಬಂದಾಗ ಅದನ್ನು ಎದುರುಗೊಳ್ಳಲು ಪಾತ್ರೆಯೂ ಕ್ರಮವೂ ಸಿದ್ಧವಾಗಿಯೇ ಇದ್ದವು.

ಕೋಸು ಬಂದ ದಾರಿಗಳು ಎರಡು. ಮೊದಲನೆಯದು ಪಶ್ಚಿಮದ ಕಡಲು. ಪೋರ್ಚುಗೀಸರು ೧೫೧೦ರಲ್ಲಿ ಗೋವೆಯನ್ನು ಹಿಡಿದ ಬಳಿಕ ತಮ್ಮ ಕಾಯಿಪಲ್ಯಗಳನ್ನೂ ತಂದರು. ಮರಾಠಿಯ ‘ಕೋಬಿ’ಯು ಪೋರ್ಚುಗೀಸರ ‘ಕೋವ್’ ಎಂಬ ಶಬ್ದದಿಂದ ಬಂದುದೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಎರಡನೆಯದು ಬೆಂಗಳೂರಿನ ದಂಡು. ೧೮೦೯ರಲ್ಲಿ ಅಲ್ಲಿ ಕಂಟೋನ್ಮೆಂಟು ಏರ್ಪಟ್ಟ ಮೇಲೆ ಸಾವಿರಾರು ಮಂದಿ ಬಿಳಿಯ ಸಿಪಾಯಿಗಳಿಗೂ ಅವರ ಕುಟುಂಬಗಳಿಗೂ ತಮ್ಮ ದೇಶದ ಕಾಯಿಪಲ್ಯಗಳು ಬೇಕಾದವು. ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿಯ ಎತ್ತರದಲ್ಲಿರುವ ಆ ಊರಿನ ಹವೆಯು ಇದಕ್ಕೆ ಒದಗಿಬಂದಿತು. ಬೇಡಿಕೆಯನ್ನು ಪೂರೈಸಿದವರಲ್ಲಿ ತೋಟದ ಕಸುಬಿನಲ್ಲಿ ಪಳಗಿದ ತಿಗಳರು ಮುಂದಾಳುಗಳು. ಕೆರೆಯ ಕೆಳಗಿನ ತುಂಡುಭೂಮಿಯಲ್ಲಿ ಗೊಬ್ಬರವನ್ನೂ ನೀರನ್ನೂ ಅಳತೆಯರಿತು ಕೊಟ್ಟು, ತಾವು ತಿನ್ನದ ಸೊಪ್ಪನ್ನು ತಮಗಿಂತ ಚೆನ್ನಾಗಿ ಯಾರೂ ಬೆಳೆಯಲಾರರೆಂಬಂತೆ ಬೆಳೆದರು. ಈ ಜನದ ಹೆಸರು ತೋಟಗಾರಿಕೆಯ ಚರಿತ್ರೆಗಳಲ್ಲಿ ಅಧಿಕಾರಿಗಳ ಹೆಸರಿನಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾಗಿಲ್ಲ.

ಅಧಿಕಾರಿಗಳ ಕೆಲಸವೂ ಅಲ್ಪವಾದುದಲ್ಲ. ಹೈದರಾಲಿಯು ೧೭೬೦ರಲ್ಲಿ ತೊಡಗಿಸಿದ ಲಾಲ್‌ಬಾಗು ೧೮೫೬ರಲ್ಲಿ ಸರ್ಕಾರದ ತೋಟಗಾರಿಕೆಯ ಉದ್ಯಾನವಾಯಿತು. ೧೮೭೪ರಿಂದ ೧೯೦೮ರವರೆಗೆ ಅದರ ಮೇಲ್ವಿಚಾರಣೆ ನಡೆಸಿದ ಜಾನ್ ಕ್ಯಾಮೆರನ್ ಅವರ ಕಾಲದಲ್ಲಿ ಎಲೆಕೋಸು, ನವಿಲುಕೋಸು, ಸೀಮೆಬದನೆ ಮೊದಲಾದವು ಸಂಸ್ಥಾನದ ತೋಟಗಾರರಲ್ಲಿ ಹರಡಿದವು. ಅವರ ತರುವಾಯ ಬಂದ ಜರ್ಮನಿಯ ಕ್ರುಂಬಿಗಲ್ ಅವರು ೧೯೧೨ರಲ್ಲಿ ಮೈಸೂರು ತೋಟಗಾರಿಕೆ ಸಂಘವನ್ನು ಸ್ಥಾಪಿಸಿದರು. ೧೯೨೭ರಲ್ಲಿ ದಂಡಿನಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟು ಈ ಕಾಯಿಪಲ್ಯಗಳ ದೊಡ್ಡ ಸಂತೆಯಾಯಿತು. ಬೀರೂರಿನಿಂದ ಶಿವಮೊಗ್ಗೆಗೆ ರೈಲುದಾರಿಯು ೧೮೯೯ರಲ್ಲಿ ತೆರೆಯಿತು. ಬಿಗಿಯಾಗಿ ಉಂಡೆಗಟ್ಟಿದ ಎಲೆಕೋಸು ಗೋಣಿಯಲ್ಲಿ ಎರಡು ದಿನ ಬಿದ್ದಿದ್ದರೂ ಕೆಡದ ಪದಾರ್ಥವಾದುದರಿಂದ ಹರಿವೆಸೊಪ್ಪಿಗಿಂತ ದೂರ ಪ್ರಯಾಣ ಮಾಡಬಲ್ಲುದಾಗಿತ್ತು. ಪಟ್ಟಣದ ಕಾಯಿಪಲ್ಯವು ಮಲೆನಾಡಿಗೆ ಬಂದುದಕ್ಕೆ ಅದರ ರುಚಿಗಿಂತ ಈ ಗುಣವೇ ಹೆಚ್ಚಿನ ಕಾರಣ.

ಕೋಸಿನ ಬೇಸಾಯದಲ್ಲಿ ಒಂದು ಪರಾಧೀನತೆಯುಂಟು. ಬದನೆಯ ಬೀಜವನ್ನಾಗಲಿ ಅವರೆಯ ಬೀಜವನ್ನಾಗಲಿ ರೈತನು ಬೂದಿ ಹಚ್ಚಿ ಮಡಕೆಯಲ್ಲಿ ತೆಗೆದಿಡಬಹುದು. ಎಲೆಕೋಸು ಹಾಗಲ್ಲ. ದೀರ್ಘವಾದ ಚಳಿಯನ್ನು ಕಂಡಲ್ಲದೆ ಅದು ಹೂಬಿಡದು. ಹೂಬಿಡದುದು ಬೀಜ ಕೊಡದು. ಆದುದರಿಂದ ನಮ್ಮ ಬಯಲಿನಲ್ಲಿ ಕೋಸು ಬೆಳೆಯುವವನು ಪ್ರತಿವರ್ಷವೂ ಹೊರಗಿನ ಬೀಜವನ್ನೇ ಕೊಳ್ಳಬೇಕು. ಬಹುಕಾಲ ಅದು ಹಡಗಿನಲ್ಲಿ ಬರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಸಂಚಾರವು ಕೆಟ್ಟು ಬೀಜಕ್ಕೆ ಅಭಾವವುಂಟಾದಾಗ, ಕ್ವೆಟ್ಟಾದಲ್ಲಿಯೂ ಕಾಶ್ಮೀರದ ಕಣಿವೆಯಲ್ಲಿಯೂ ಬೀಜ ತೆಗೆಯುವ ಉದ್ಯೋಗವು ಮೊದಲಾಯಿತು. ಅನಂತರ ಕುಲು ಕಣಿವೆಯ ಕಟ್ರಾಯಿನಿನ ಸಂಶೋಧನಾ ಕೇಂದ್ರವು ಇದನ್ನು ಮುಂದುವರಿಸಿತು. ‘ಹಿಲ್ಡ್ಸ್ ಐಡಿಯಲ್’ ಎಂಬ ಮರಿಗೋಸಿನ ತಳಿಯೂ ಅಲ್ಲಿಂದಲೇ ಹೊರಬಿದ್ದಿತು. ಜನ್ನಾಪುರದ ಎಲೆಯಲ್ಲಿ ಬಡಿಸುವ ಒಂದು ಸೌಟು ಪಲ್ಯಕ್ಕೆ ಹಿಮಾಲಯದ ಹಿಮವು ಬೇಕಾಯಿತೆಂಬುದು ಉತ್ಪ್ರೇಕ್ಷೆಯಲ್ಲ.

ಬೆಳೆದದ್ದೂ ಆಯಿತು, ಪೇಟೆಗೆ ಬಂದದ್ದೂ ಆಯಿತು. ಮನೆಯೊಳಗೆ ಬರುವುದು ಅಷ್ಟು ಸುಲಭವಾಗಿರಲಿಲ್ಲ. ಆಚಾರವಂತರ ಮನೆಗಳಲ್ಲಿ ಕೋಸನ್ನು ಬಹುಕಾಲ ಮ್ಲೇಚ್ಛರ ಸೊಪ್ಪೆಂದು ದೂರವಿಟ್ಟರು. ಬೇಯುವಾಗ ಏಳುವ ವಾಸನೆಯು ಈರುಳ್ಳಿ ಬೆಳ್ಳುಳ್ಳಿಗಳನ್ನು ನೆನಪಿಗೆ ತರುತ್ತಿದ್ದುದು ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ನಿತ್ಯದ ಊಟದಲ್ಲಿ ಈ ನಿಷೇಧವು ಕ್ರಮೇಣ ಸಡಿಲವಾಯಿತು. ಮೊದಲು ಮಕ್ಕಳ ಬಾಯಿರುಚಿಗೆಂದು, ಆಮೇಲೆ ಬೇರೆ ಕಾಯಿಪಲ್ಯ ಸಿಕ್ಕದ ದಿನವೆಂದು, ಕಡೆಗೆ ಯಾವ ನೆಪವೂ ಇಲ್ಲದೆ ಕೋಸು ಒಲೆಯೇರಿತು. ಆದರೆ ಶ್ರಾದ್ಧದ ಅಡಿಗೆಯಲ್ಲಿ ಇಂದಿಗೂ ಅದಕ್ಕೆ ಪ್ರವೇಶವಿಲ್ಲ. ಎಲೆಕೋಸು, ಹೂಕೋಸು, ಆಲೂಗಡ್ಡೆ, ಟೊಮೇಟೊ ಇವನ್ನು ಬಿಟ್ಟು, ಬಾಳೆಕಾಯಿ, ಹಾಗಲ, ಸುವರ್ಣಗೆಡ್ಡೆ ಮೊದಲಾದವುಗಳಿಂದಲೇ ಅಂದಿನ ಪಲ್ಯಗಳಾಗುತ್ತವೆ. ಮೆಣಸಿನಕಾಯಿಯ ಬದಲು ಕರಿಮೆಣಸು ಬೀಳುತ್ತದೆ. ಉಡುಪಿಯ ಮಠಗಳ ಅಡಿಗೆಯಲ್ಲಿಯೂ ಇದೇ ಕಟ್ಟಳೆಯು ನಡೆದುಬಂದಿದೆ.

ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವ ಸುಧಾರಕರು ಒಂದು ವಿಷಯವನ್ನು ಮರೆಯುತ್ತಾರೆ. ಕಡಲಾಚೆಯ ಕಾಯಿಪಲ್ಯಗಳು ಬರುವ ಮುನ್ನ ಈ ನಾಡಿನ ಊಟ ಹೇಗಿತ್ತೆಂಬುದನ್ನು ಹೆಚ್ಚು ಕಡಮೆ ಇದ್ದಂತೆಯೇ ಉಳಿಸಿಕೊಂಡುಬಂದ ದಫ್ತರವೆಂದರೆ ಶ್ರಾದ್ಧದ ಎಲೆಯೊಂದೇ. ವರ್ಷಕ್ಕೊಂದು ದಿನ ಆ ಮನೆಯವರು ಮಂಗರಸನ ಕಾಲದ ಪಲ್ಯವನ್ನು ಉಣ್ಣುತ್ತಾರೆ. ಆದರೂ ಆಚಾರದ ಹೆಸರಿನಲ್ಲಿ ಬಡವರ ಮನೆಯ ಎಳೆಮಕ್ಕಳಿಗೂ ಬಾಣಂತಿಯರಿಗೂ ಅಗ್ಗವಾದ ಪುಷ್ಟಿಕರವಾದ ಸೊಪ್ಪನ್ನು ನಿರಾಕರಿಸುವುದಕ್ಕೆ ಈ ವಾದವು ಆಧಾರವಾಗಲಾರದು. ಪಿತೃಗಳಿಗೆ ಸಲ್ಲದುದು ಮಕ್ಕಳಿಗೂ ಸಲ್ಲದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಪುಷ್ಟಿಯ ಮಾತು ಬಂದಾಗ ಬಸಿದ ನೀರಿನ ವಿಚಾರವು ಏಳುತ್ತದೆ. ಹಂಗೇರಿಯ ವಿಜ್ಞಾನಿ ಸೆಂಟ್ ಜಾರ್ಜಿಯವರು ೧೯೨೮ರಲ್ಲಿ ಪಶುಗಳ ಗ್ರಂಥಿಯಿಂದಲೂ ಕಿತ್ತಳೆಯಿಂದಲೂ ಕೋಸಿನಿಂದಲೂ ಒಂದು ಆಮ್ಲವನ್ನು ಬೇರ್ಪಡಿಸಿದರು. ಅದೇ ‘ಸಿ’ ಜೀವಸತ್ತ್ವವೆಂದು ಮುಂದೆ ಗೊತ್ತಾಗಿ, ೧೯೩೭ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅದಕ್ಕೆ ಬಹು ಹಿಂದೆಯೇ, ೧೭೬೮ರಲ್ಲಿ ಹೊರಟ ಕ್ಯಾಪ್ಟನ್ ಕುಕ್ ತನ್ನ ಹಡಗಿನಲ್ಲಿ ಹುಳಿಹಾಕಿದ ಕೋಸಿನ ಪೀಪಾಯಿಗಳನ್ನು ತುಂಬಿಕೊಂಡು ನಾವಿಕರನ್ನು ಒಸಡುರೋಗದಿಂದ ಕಾಪಾಡಲೆಳಸಿದ್ದನು. ಈ ಸತ್ತ್ವವು ನೀರಿನಲ್ಲಿ ಕರಗುವಂಥದು, ಬಿಸಿಗೆ ಕೆಡುವಂಥದು. ಕೋಸನ್ನು ಬಹಳ ನೀರಿನಲ್ಲಿ ಬಹಳ ಹೊತ್ತು ಬೇಯಿಸಿ ನೀರನ್ನು ಬಚ್ಚಲಿಗೆ ಚೆಲ್ಲಿದರೆ ಅರ್ಧದಷ್ಟು ಹೋಗುವುದು ಅಪರೂಪವಲ್ಲ. ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಅವರು ೧೯೧೮ರಲ್ಲಿ ತೊಡಗಿದ ಆಹಾರಸಂಶೋಧನೆಯನ್ನು ಮುಂದುವರಿಸಿದ ಅಯ್‌ಕ್ರಾಯ್ಡ್ ಅವರು, ಭಾರತೀಯ ಆಹಾರಗಳ ಸತ್ತ್ವವನ್ನು ಅಳೆದು ೧೯೩೭ರಲ್ಲಿ ಒಂದು ಪಟ್ಟಿಕೆಯನ್ನು ಪ್ರಕಟಿಸಿದರು. ಆ ಸಂಸ್ಥೆಯು ೧೯೫೮ರಲ್ಲಿ ಹೈದರಾಬಾದಿಗೆ ಹೋಯಿತು. ೧೯೪೩ರಲ್ಲಿ, ಬಂಗಾಲವು ಕ್ಷಾಮದಿಂದ ನರಳುತ್ತಿರುವಾಗ, ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳುವಳಿ ಮೊದಲಾಯಿತು. ಹಿತ್ತಲಿನಲ್ಲಿ ಕಾಯಿಪಲ್ಯ ಹಾಕಿರೆಂದು ಹೇಳಿದವರು ಬಹಳ ಮಂದಿ. ಬಸಿದ ನೀರನ್ನು ಚೆಲ್ಲಬೇಡಿರೆಂದು ಹೇಳಿದವರು ಕಡಮೆ.

ಹಳೆಯ ಮೈಸೂರಿನ ಹೆಂಗಸರಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ. ಅವರ ಬಸ್ಸಾರು ಇರುವುದೇ ಅದಕ್ಕಾಗಿ. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ ಬಸಿದು, ಗಟ್ಟಿಯಾದುದನ್ನು ಒಗ್ಗರಿಸಿ ಪಲ್ಯ ಮಾಡಿ, ಬಸಿದ ಕಟ್ಟಿಗೆ ಹುಣಿಸೆಯನ್ನೂ ರುಬ್ಬಿದ ಖಾರವನ್ನೂ ಸೇರಿಸಿ ಕುದಿಸಿ ಸಾರು ಮಾಡುತ್ತಾರೆ. ಒಂದು ಒಲೆಯ ಉರಿಯಲ್ಲಿ, ಒಂದು ಪಾತ್ರೆಯ ನೀರಿನಲ್ಲಿ, ಎರಡು ಪದಾರ್ಥ. ರಾಗಿಯ ಮುದ್ದೆಯೊಡನೆ ಉಣ್ಣುವ ಬಯಲುಸೀಮೆಯವರ ಈ ಪದ್ಧತಿಗೆ ಎಲೆಕೋಸೂ ಒಗ್ಗಿತು. ಕೋಸನ್ನು ಅವರೆಕಾಳಿನೊಡನೆಯೋ ಅಲಸಂದೆಯೊಡನೆಯೋ ಹಾಕಿ ಬಸ್ಸಾರು ಮಾಡುವುದು ಈಗ ಎಲ್ಲರಿಗೂ ಗೊತ್ತು. ಭದ್ರಾವತಿಯು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಹೊಸ್ತಿಲಿನಂತಿರುವುದರಿಂದ ಇಲ್ಲಿ ತಂಬುಳಿಯೂ ಬಸ್ಸಾರೂ ನೆರೆಹೊರೆಯಾಗಿವೆ. ಆಕ್ಟನ್ ಎಂಬಾಕೆಯ ವಿಧಾನದಲ್ಲಿ ನೀರು ಬರಿಯ ಸಾಧನ. ಕೆಲಸ ಮುಗಿದೊಡನೆ ಬಚ್ಚಲಿಗೆ ಹೋಗತಕ್ಕದ್ದು. ಬಸ್ಸಾರಿನಲ್ಲಿ ಅದೇ ನೀರು ಪದಾರ್ಥ. ಎರಡು ಅಡಿಗೆಗಳ ನಿಜವಾದ ಭೇದವಿರುವುದು ಮಸಾಲೆಯಲ್ಲಲ್ಲ, ಇಲ್ಲಿ.

ಭದ್ರಾವತಿಯಲ್ಲಿಯೇ ಇದಕ್ಕೊಂದು ದೊಡ್ಡ ಪ್ರಮಾಣದ ಉಪಮಾನವಿತ್ತು. ಬೆಂಕಿಪುರವೆಂದು ಕರೆಯುತ್ತಿದ್ದ ಈ ಊರಿನಲ್ಲಿ ಮೈಸೂರು ಸರ್ಕಾರವು ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯ ಕುಲುಮೆಯು ೧೯೨೩ರ ಜನವರಿಯಲ್ಲಿ ಹೊತ್ತಿತು. ಅದಿರನ್ನು ಕರಗಿಸಲು ಕಲ್ಲಿದ್ದಲಿನ ಬದಲು ಮಲೆನಾಡಿನ ಮರದ ಇದ್ದಲನ್ನು ಬಳಸಿದರು. ಮರವನ್ನು ಬಯಲಿನಲ್ಲಿ ಸುಟ್ಟು ಇದ್ದಲು ಮಾಡಿದರೆ ಹೊಗೆಯು ಆಕಾಶದ ಪಾಲು. ಇಲ್ಲಿ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಡುವ ಹಬೆಯನ್ನು ತಣಿಸಿ ಹಿಡಿದು, ಮರದ ಮದ್ಯಸಾರವನ್ನೂ ಸುಣ್ಣದ ಅಸಿಟೇಟನ್ನೂ ಡಾಂಬರನ್ನೂ ತೆಗೆಯುವ ಏರ್ಪಾಡಿತ್ತು; ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಮರದ ಬಟ್ಟಿಯಿಳಿಸುವಿಕೆಯ ಪ್ರಸ್ತಾಪವಿತ್ತು. ಕಾರ್ಖಾನೆಯು ಕಷ್ಟದಲ್ಲಿದ್ದ ೧೯೨೩ರಿಂದ ೧೯೨೯ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ವ್ಯರ್ಥವಾ­ದುದನ್ನು ಸಹಿಸದವರೆಂದು ಪ್ರಸಿದ್ಧರು. ಅಮೆರಿಕದ ಇಂಜಿನಿಯರುಗಳು ಯಂತ್ರದಿಂದ ಮಾಡಿದುದನ್ನು, ಅದೇ ಊರಿನ ಅಡಿಗೆಮನೆಯಲ್ಲಿ ಗೃಹಿಣಿಯು ಜರಡಿತಟ್ಟೆಯಿಂದ ಮಾಡುತ್ತಿದ್ದಳು.

ಇನ್ನು ಮರಿಗೋಸು ಏಕೆ ಬರಲಿಲ್ಲವೆಂಬ ಪ್ರಶ್ನೆ. ಮೊದಲನೆಯ ಕಾರಣ ಹವೆ. ಅದಕ್ಕೆ ಸುಮಾರು ೧೫ರಿಂದ ೧೮ ಡಿಗ್ರಿ ಸೆಂಟಿಗ್ರೇಡಿನ ತಂಪು ಹಿತವಾದುದು. ನಾಟಿಯಾದ ಮೇಲೆ ಮೂರು ನಾಲ್ಕು ತಿಂಗಳು ಆ ತಂಪು ಬಿಡದಿರಬೇಕು. ಹಿಮ ಬಿದ್ದರೆ ಸಿಹಿಯೇರುತ್ತದೆ. ಸೆಕೆಯಾದರೆ ಮೊಗ್ಗುಗಳು ಬಿಗಿಯಾಗದೆ ಬಿರಿದು ಸೊಪ್ಪಾಗುತ್ತವೆ. ಭದ್ರಾವತಿಯ ಎತ್ತರ ಸುಮಾರು ಎರಡು ಸಾವಿರ ಅಡಿ. ಇಲ್ಲಿಯ ಚಳಿಗಾಲವು ಎಲೆಕೋಸಿಗೆ ಸಾಕು, ಮರಿಗೋಸಿಗೆ ಸಾಲದು. ಏಳು ಸಾವಿರ ಅಡಿಗೂ ಮಿಕ್ಕಿ ಎತ್ತರವಿರುವ ಉದಕಮಂಡಲದಲ್ಲಿ ಮಾತ್ರ ಅದು ನೆಮ್ಮದಿಯಾಗಿ ಬೆಳೆಯಿತು. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ ೧೮೨೦ರ ದಶಕದಲ್ಲಿ ಅಲ್ಲಿ ಯೂರೋಪಿನ ಕಾಯಿಪಲ್ಯಗಳನ್ನು ಹಾಕಿಸಿದನು. ೧೮೪೭ರ ಸುಮಾರಿಗೆ ಅಲ್ಲಿಯ ಬಿಳಿಯರು ತಿಂಗಳಿಗೆ ಮೂರು ರೂಪಾಯಿಯ ಚಂದಾ ಹಾಕಿಕೊಂಡು ತಮಗೆ ಬೇಕಾದ ಕಾಯಿಪಲ್ಯ ಬೆಳೆಸಲೆಂದು ತೋಟವೊಂದನ್ನು ಮಾಡಿಕೊಂಡರು. ಮರುವರ್ಷ ಕ್ಯೂ ತೋಟದಿಂದ ಬಂದ ಮೆಕೈವರ್ ಅದನ್ನೇ ಸಸ್ಯೋದ್ಯಾನವನ್ನಾಗಿ ಬೆಳೆಸಿದನು. ಕೋಸಿನ ತೋಟವು ಹೂವಿನ ತೋಟವಾದ ಕಥೆಯನ್ನು ಅಲ್ಲಿಗೆ ಹೋಗುವ ಯಾತ್ರಿಕರಲ್ಲಿ ಎಷ್ಟು ಮಂದಿ ಬಲ್ಲರೋ.

ಆ ಬೆಟ್ಟದ ಬೇಸಾಯಗಾರರಾದ ಬಡಗರು ಕನ್ನಡಿಗರಿಗೆ ಅನ್ಯರಲ್ಲ. ಮೈಸೂರು ಸೀಮೆಯಿಂದ, ಎಂದರೆ ತಮಗೆ ಬಡಗಲಾದ ದಿಕ್ಕಿನಿಂದ ಬಂದವರಾದುದರಿಂದಲೇ ಅವರಿಗೆ ಆ ಹೆಸರು. ಅವರ ನುಡಿಯು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ಅದನ್ನು ಬಹುಕಾಲ ಕನ್ನಡದ ಉಪಭಾಷೆಯೆಂದೇ ಎಣಿಸುತ್ತಿದ್ದರು. ಕಿರುಧಾನ್ಯಗಳನ್ನು ಬೆಳೆಯುತ್ತಿದ್ದ ಅವರು ಆಲೂಗಡ್ಡೆ, ಎಲೆಕೋಸು, ಗಜ್ಜರಿಗಳನ್ನು ಕೈಗೆತ್ತಿಕೊಂಡು ಅದರಲ್ಲಿ ನಿಪುಣರಾದರು. ಮರಿಗೋಸನ್ನೂ ನೀಲಗಿರಿಯ ರೈತರು ಬೆಳೆದು ಹೊರಗಿನ ಪೇಟೆಗಳಿಗೆ ಕಳುಹಿಸುತ್ತಾರೆ.

ಎರಡನೆಯ ಕಾರಣ ಕಹಿ. ಹಳೆಯ ತಳಿಗಳ ಕಹಿಯು ನಮ್ಮ ಹಾಗಲಕಾಯಿಯ ಮುಂದೆ ಅಷ್ಟೇನೂ ಅಲ್ಲ. ಆದರೆ ಹಾಗಲಕಾಯಿಗೆ ಹುಣಿಸೆ ಬೆಲ್ಲಗಳ ಉಪಚಾರವುಂಟು, ಮರಿಗೋಸನ್ನು ತಂದವರು ಉಪ್ಪು ಬೆಣ್ಣೆಗಳನ್ನು ಮಾತ್ರ ತಂದರು. ೧೯೯೦ರ ದಶಕದಲ್ಲಿ ಹಾಲೆಂಡಿನ ಹಾನ್ಸ್ ವಾನ್ ಡೋರ್ನ್ ಎಂಬ ವಿಜ್ಞಾನಿಯು ಈ ಕಹಿಗೆ ಸಿನಿಗ್ರಿನ್, ಪ್ರೋಗೋಯಿಟ್ರಿನ್ ಎಂಬ ಎರಡು ಸತ್ತ್ವಗಳು ಕಾರಣವೆಂದು ತೋರಿಸಿದರು. ಬೀಜದ ಕಂಪೆನಿಗಳವರು ಅವು ಕಡಮೆಯಿರುವ ಹಳೆಯ ತಳಿಗಳನ್ನು ಹುಡುಕಿ ತೆಗೆದು, ಹೆಚ್ಚು ಇಳುವರಿಯ ತಳಿಗಳೊಡನೆ ಕೂಡಿಸಿದರು. ಈಗ ಪೇಟೆಗೆ ಬರುವ ಮರಿಗೋಸು ಹಿಂದಿನ ಮರಿಗೋಸಲ್ಲ. ಮೂರನೆಯ ಕಾರಣ ಬೆಲೆ. ಹತ್ತು ಜನರ ಮನೆಯಲ್ಲಿ ಒಂದು ಎಲೆಕೋಸನ್ನು ಹೆಚ್ಚಿದರೆ ಪಲ್ಯವಾಯಿತು. ಅಷ್ಟಕ್ಕೆ ಮರಿಗೋಸು ನೂರು ಬೇಕು, ಒಂದೊಂದರ ತೊಟ್ಟನ್ನೂ ಬೇರೆ ಬೇರೆ ಕೊಯ್ಯಬೇಕು. ಕೆಲಸದವಳ ಸಹಾಯವಿಲ್ಲದ ಗೃಹಿಣಿಯು ಇದನ್ನು ಒಪ್ಪದಿದ್ದರೆ ಆಕೆಯನ್ನು ದೂರಲಾಗದು.

ಸಿನಿಗ್ರಿನ್ನೆಂಬುದು ಹೊಸ ಹೆಸರಾದರೂ ಹೊಸ ಪದಾರ್ಥವಲ್ಲ. ಸಾಸಿವೆಯ ಖಾರಕ್ಕೂ ಅದೇ ಕಾರಣ. ಸಾಸಿವೆಯೂ ಕೋಸೂ ಒಂದೇ ಮನೆತನದ ಗಿಡಗಳು. ಒಂದು ಈ ದೇಶದಲ್ಲಿ ಪುರಾತನದಿಂದಲೂ ಇದ್ದುದು, ಇನ್ನೊಂದು ಕಡಲು ದಾಟಿ ಬಂದುದು. ಬೆಂದ ಕೋಸಿಗೆ ಸಾಸಿವೆಯ ಒಗ್ಗರಣೆಯನ್ನು ಸುರಿದ ಮೊದಲ ಹೆಂಗಸಿಗೆ ಈ ನಂಟು ತಿಳಿದಿರಲಿಲ್ಲ, ನಾಲಗೆಗೆ ತಿಳಿದಿತ್ತು.

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಮರಿಗೋಸು ಈಗ ಸಿಕ್ಕುತ್ತದೆ. ಅಲ್ಲಿಂದ ಬರುವ ನೆಂಟರ ಕೈಯಲ್ಲಿ ಅದು ಜನ್ನಾಪುರದ ಮನೆಗೆ ಬಂದರೆ ಮಾಡತಕ್ಕ ಕ್ರಮವು ಕಷ್ಟವಾದುದಲ್ಲ. ಹೊರಗಿನ ಎರಡು ಎಲೆಗಳನ್ನು ತೆಗೆದು, ಪ್ರತಿಯೊಂದನ್ನೂ ಎರಡಾಗಿ ಸೀಳಿ, ಉಪ್ಪು ಹಾಕಿ ಕುದಿಯುತ್ತಿರುವ ಸ್ವಲ್ಪವೇ ನೀರಿಗೆ ಹಾಕಬೇಕು. ಪಾತ್ರೆಯನ್ನು ಮುಚ್ಚಬಾರದು. ಐದಾರು ನಿಮಿಷದಲ್ಲಿ ಚಾಕುವಿನ ಮೊನೆಯು ತೊಟ್ಟಿನಲ್ಲಿ ಸುಲಭವಾಗಿ ಇಳಿಯುತ್ತದೆ, ಕೂಡಲೇ ಬಸಿಯಬೇಕು. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು ಸಿಡಿಸಿ, ಬೆಂದುದನ್ನು ಹಾಕಿ ಎರಡು ಸಲ ಮಗುಚಿ, ಅಡಕೆಯಷ್ಟು ಬೆಲ್ಲವನ್ನೂ ಹಿಡಿ ಕಾಯಿತುರಿಯನ್ನೂ ಸೇರಿಸಿ ಇಳಿಸಬೇಕು. ಬಸಿದ ನೀರು ತುಸು ಕಹಿಯಾಗಿರುತ್ತದೆ. ತೊಗರಿಬೇಳೆಯ ಕಟ್ಟಿನೊಡನೆ ಬೆರೆಸಿ ಹುಣಿಸೆ ಹಿಂಡಿದರೆ ಆ ಕಹಿಯು ಸಾರಿನಲ್ಲಿ ಗೊತ್ತಾಗುವುದಿಲ್ಲ.